ಮುಗಿಲ ಕಾಳಗಕ್ಕೆ ಸಾಕ್ಷಿ ಯಾರು?

ರೋಣ, ನರಗುಂದ, ಗಜೇಂದ್ರಗಡಗಳ ಕಡೆಯ ಓದುಗರಿಗೆ ವೀರರ ಕಥೆ ಹೊಸದಲ್ಲ. 1858ರಲ್ಲಿ ಇಂಗ್ಲಿಷರ ವಿರುದ್ಧ ಎದ್ದ ಬಾಬಾಸಾಹೇಬನ ಮಾತು ಬಂದೊಡನೆ ನರಗುಂದದ ಗುಡ್ಡ ನಿಮ್ಮ ಕಣ್ಣ ಮುಂದೆ ನಿಲ್ಲುತ್ತದೆ. ನೆಲದ ಮೇಲಿನ ಕಾಳಗಕ್ಕೆ ಕೋಟೆಯ ಕಲ್ಲುಗಳಾದರೂ ಸಾಕ್ಷಿ ನುಡಿಯುತ್ತವೆ. ಮುಗಿಲಿನಲ್ಲಿ ಒಬ್ಬನೇ ಹೋರಾಡಿ ಮಡಿದವನಿಗೆ ಸಾಕ್ಷಿ ಯಾರು? ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರ ವಿಷಯದಲ್ಲಿ ಈ ಪ್ರಶ್ನೆಗೆ ಉತ್ತರ ದೊರೆತು ಪದಕ ಬರಲು 23 ವರ್ಷ ಬೇಕಾದವು.

1932ರಲ್ಲಿ ಹುಟ್ಟಿದ ದೇವಯ್ಯನವರು 1954ರಲ್ಲಿ ವಾಯುಪಡೆಯನ್ನು ಸೇರಿದರು. 1965ರ ಸೆಪ್ಟೆಂಬರ್ 7ರಂದು ಅವರ 1ನೆಯ ಸ್ಕ್ವಾಡ್ರನ್ನಿನ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ದಾಳಿ ಮಾಡಲು ಆದಂಪುರದಿಂದ ಹೊರಟವು. ದೇವಯ್ಯನವರು ಮೀಸಲು ಚಾಲಕರು. ಹೊರಟವರಲ್ಲಿ ಯಾರಿಗಾದರೂ ತೊಡಕಾದರೆ ಆ ಸ್ಥಾನವನ್ನು ತುಂಬತಕ್ಕವರು. ಅಂದು ಅವರೂ ಹೊರಟರು.

ಹಿಂದಿರುಗುವ ದಾರಿಯಲ್ಲಿ ಶತ್ರುವಿನ ಸ್ಟಾರ್‌ಫೈಟರ್ ವಿಮಾನವೊಂದು ಬೆನ್ನಟ್ಟಿತು. ಅದರ ವೇಗ ಶಬ್ದದ ವೇಗಕ್ಕೆ ಇಮ್ಮಡಿ. ಮಿಸ್ಟೇರಿನದು ಶಬ್ದದ ವೇಗಕ್ಕಿಂತ ಕಡಿಮೆ. ಅದರ ಗುಂಡುಗಳು ದೇವಯ್ಯನವರ ವಿಮಾನಕ್ಕೆ ಬಡಿದವು. ಇದರ ಕಥೆ ಮುಗಿಯಿತೆಂದು ತಿಳಿದ ಚಾಲಕ ಅಮ್ಜದ್ ಹುಸೇನ್ ಉಳಿದ ವಿಮಾನಗಳತ್ತ ತಿರುಗಿದ. ಹಾನಿಗೊಂಡ ವಿಮಾನವನ್ನು ಹೇಗಾದರೂ ಮನೆಯತ್ತ ತಿರುಗಿಸುವುದು ಯಾರಿಗಾದರೂ ಸಹಜ. ದೇವಯ್ಯನವರು ಹಾಗೆ ಮಾಡಲಿಲ್ಲ. ಜೊತೆಗಾರರ ಬೆನ್ನು ಹತ್ತಿದವನನ್ನು ತಡೆದು ಕಾದಿದರು. ಸ್ಟಾರ್‌ಫೈಟರ್ ಉರುಳಿತು. ಹುಸೇನ್ ಪ್ಯಾರಾಚೂಟಿನಿಂದ ಹಾರಿ ಬದುಕಿಕೊಂಡ. ದೇವಯ್ಯನವರು ಮಾತ್ರ ಮರಳಲಿಲ್ಲ.

ಈ ಕಾಳಗವನ್ನು ನಮ್ಮವರಾರೂ ಕಂಡಿರಲಿಲ್ಲ. ಹಲವು ವರ್ಷ ಅವರು ಕಾಣೆಯಾದವರು, ಅಷ್ಟೆ. 1979ರಲ್ಲಿ ಪಾಕಿಸ್ತಾನದ ವಾಯುಪಡೆಯ ಯುದ್ಧವನ್ನು ಕುರಿತು ಇಂಗ್ಲೆಂಡಿನ ಜಾನ್ ಫ್ರಿಕರ್ ಬರೆದ ಗ್ರಂಥ ಹೊರಬಂತು. ಮಿಸ್ಟೇರಿನೊಡನೆ ಕಾದಿ ಒಂದು ಸ್ಟಾರ್‌ಫೈಟರ್ ನಾಶವಾದ ಸಂಗತಿ ಅದರಲ್ಲಿತ್ತು. ಆ ಮಿಸ್ಟೇರ್ ಯಾರದು? ಹಿಂದಿರುಗದೆ ಉಳಿದದ್ದು ದೇವಯ್ಯನವರದೇ. ಅವರ ಸ್ಕ್ವಾಡ್ರನ್ನಿನ ನಾಯಕರಾಗಿದ್ದ ತನೇಜಾ ಅವರು ಈ ವಿಷಯವನ್ನು ಕೈಬಿಡದೆ ಮೇಲಿನವರ ಮುಂದಿಟ್ಟರು. 1988ರಲ್ಲಿ ಮರಣೋತ್ತರ ಮಹಾವೀರಚಕ್ರ ಬಂತು. ಯುದ್ಧಕಾಲದ ಶೌರ್ಯಕ್ಕೆ ನಮ್ಮ ದೇಶ ಕೊಡುವ ಪದಕಗಳಲ್ಲಿ ಅದು ಎರಡನೆಯದು. ಅದನ್ನು ಅವರ ಪತ್ನಿ ಸ್ವೀಕರಿಸಿದರು.

ಓದುಗರೇ, ಪದಕದಿಂದ ಆ ಶೌರ್ಯ ಹುಟ್ಟಲಿಲ್ಲ; ಅದು ನಮಗೆ ತಿಳಿಯಿತು, ಅಷ್ಟೆ. ತಿಳಿಸಿಕೊಟ್ಟದ್ದು ಎದುರಾಳಿಯ ಕಡೆಯ ಮಾತು. ನಿಮ್ಮ ಊರಿನಿಂದ ಸೈನ್ಯಕ್ಕೆ ಹೋಗಿ ಮರಳದವರು ಯಾರಾದರೂ ಇದ್ದರೆ, ಅವರ ಮನೆಯವರನ್ನು ಒಮ್ಮೆ ಕುಳಿತು ಕೇಳಿರಿ. ಸಾಕ್ಷಿ ನುಡಿಯುವವರು ಇರುವಾಗಲೇ ಕೇಳುವುದು ಒಳ್ಳೆಯದು.