ಎಸ್.ಕೆ. ಬಾರ್ಡರ್ ಮತ್ತು ಕುದುರೆಯ ಮುಖ

ಕಳಸದಿಂದ ಕಾರ್ಕಳಕ್ಕೆ ಘಾಟಿ ಇಳಿಯುವ ಬಸ್ಸಿನಲ್ಲಿ ಕಂಡಕ್ಟರ್ ಒಂದು ಕಡೆ "ಯಾರ್ರೀ ಬಾರ್ಡರ್... ಬಾರ್ಡರ್ ಇಳಿಯೋರು..." ಅಂತ ಕೂಗುತ್ತಾನೆ. ಮೊದಲ ಸಲ ಕೇಳಿದಾಗ ನನಗೆ ನಗು ಬಂದಿತ್ತು. ಸುತ್ತ ಕಾಡು, ಒಂದು ಚೆಕ್‌ಪೋಸ್ಟು, ಶೃಂಗೇರಿ ಕಡೆಗೊಂದು ಕುದುರೆಮುಖದ ಕಡೆಗೊಂದು ಅಂತ ಸೀಳುವ ರಸ್ತೆ. ಇದ್ಯಾವ ದೇಶದ ಬಾರ್ಡರಪ್ಪಾ? ಪೂರ್ತಿ ಹೆಸರು ಎಸ್.ಕೆ. ಬಾರ್ಡರ್. ಎಸ್.ಕೆ. ಅಂದರೆ ಸೌತ್ ಕೆನರಾ. ಆ ಹೆಸರಿನ ಜಿಲ್ಲೆ ಈಗಿಲ್ಲ, ಆ ಗಡಿಯೂ ಇಲ್ಲ. ದಕ್ಷಿಣ ಕನ್ನಡದಿಂದ 1997ರಲ್ಲಿ ಉಡುಪಿ ಬೇರೆಯಾದ ಮೇಲಂತೂ ಅಲ್ಲಿರುವುದು ಉಡುಪಿ-ಚಿಕ್ಕಮಗಳೂರಿನ ಗಡಿ. ಆದರೂ ಬಸ್ಸಿನ ಬಾಯಲ್ಲಿ ಸೌತ್ ಕೆನರಾ ಉಳಿದುಕೊಂಡಿದೆ.

ಹೋದ ವರ್ಷ ನವೆಂಬರ್‌ನಲ್ಲಿ ಕುದುರೆಮುಖ ಹತ್ತಿ ಬಂದಾಗಿನಿಂದ ಇದರ ಬಗ್ಗೆ ಬರೆಯಬೇಕು ಅಂದುಕೊಳ್ಳುತ್ತಲೇ ಇದ್ದೆ. ಚಾರಣದ ಫೋಟೋಗಳನ್ನು ಹಾಕಿ "ಸ್ವರ್ಗ ಕಣ್ರೀ" ಅಂತ ಬರೆಯುವವರು ಸಾಕಷ್ಟು ಜನ ಇದ್ದಾರೆ. ನನಗೆ ತಲೆಯಲ್ಲಿ ಕೊರೆಯುತ್ತಿರುವುದು ಬೇರೆಯೇ. ತುದಿಯಲ್ಲಿ ನಿಂತು ಕೆಳಗೆ ನೋಡಿ ಎಲ್ಲರೂ "ಆಹಾ" ಅನ್ನುತ್ತೇವಲ್ಲ, ನಮಗಿಂತ ಮೊದಲು ಆ ಗುಡ್ಡವನ್ನು ಯಾರ್ಯಾರು ಯಾತಕ್ಕಾಗಿ ನೋಡಿದ್ದರು ಅನ್ನೋದು.

ಹೆಸರಿನಿಂದಲೇ ಶುರು ಮಾಡೋಣ. ಕರಾವಳಿ ಕಡೆಯಿಂದ ನೋಡಿದರೆ ಶಿಖರ ಕುದುರೆಯ ಮೋರೆಯ ಹಾಗೆ ಕಾಣುತ್ತದೆ, ಅದಕ್ಕೇ ಕುದುರೆಮುಖ. ಸಮುದ್ರದಲ್ಲಿ ಹಡಗು ನಡೆಸುವವರಿಗೂ ಇದೊಂದು ಗುರುತಾಗಿತ್ತು. ಮಲೆನಾಡಿನ ಕಡೆಯಿಂದ ಹತ್ತುವವರು ಸಂಸೆಯ ಮೇಲೆ ಹೋಗುತ್ತಿದ್ದರಲ್ಲ, ಹಾಗಾಗಿ ಸಂಸೆ ಪರ್ವತ ಎಂಬ ಹೆಸರೂ ಹಳೆಯ ದಾಖಲೆಗಳಲ್ಲಿದೆ. ಒಂದೇ ಗುಡ್ಡಕ್ಕೆ ಕೆಳಗಿನವರದ್ದೊಂದು ಹೆಸರು, ಮೇಲಿನವರದ್ದೊಂದು. ಗೆದ್ದದ್ದು ಕೆಳಗಿನವರದ್ದು.

ಹಾಗಂತ ಗುಡ್ಡದ ಎರಡು ಬದಿಗಳು ಯಾವತ್ತೂ ಬೇರೆಯಾಗಿದ್ದವು ಅಂದುಕೊಳ್ಳಬೇಡಿ. ಮೇಲೆ ಕಳಸ, ಕೆಳಗೆ ಕಾರ್ಕಳ, ಎರಡನ್ನೂ ಆಳುತ್ತಿದ್ದವರು ಭೈರರಸರು. ಕಾರ್ಕಳದ 42 ಅಡಿಯ ಗೊಮ್ಮಟನನ್ನು 1432ರಲ್ಲಿ ನಿಲ್ಲಿಸಿದ ವೀರಪಾಂಡ್ಯ ಇದೇ ವಂಶದವನು. ಅವರಿಗೆ ಈ ಬೆಟ್ಟಸಾಲು ರಾಜ್ಯದ ನಡುಮನೆಯಂತಿತ್ತು, ಬೇಲಿ ಆಗಿರಲಿಲ್ಲ. ಬೇಲಿಯಾಗಿ ಗಟ್ಟಿಯಾದದ್ದು 1799ರ ನಂತರ. ಟಿಪ್ಪು ಸತ್ತ ಮೇಲೆ ಕರಾವಳಿಯನ್ನು ಕಂಪನಿ ಸರ್ಕಾರ ತಾನಿಟ್ಟುಕೊಂಡಿತು, ಘಟ್ಟದ ಮೇಲಿನದ್ದು ಮೈಸೂರು ಒಡೆಯರಿಗೆ ಹೋಯಿತು. ಅಲ್ಲಿಂದ 1956ರ ನವೆಂಬರ್ 1ರವರೆಗೆ, ಸುಮಾರು ಒಂದೂವರೆ ಶತಮಾನ, ಈ ನೆತ್ತಿಯ ಒಂದು ಕಡೆ ಮದರಾಸು, ಇನ್ನೊಂದು ಕಡೆ ಮೈಸೂರು. ಕಂಡಕ್ಟರ್ ಕೂಗುವ ಬಾರ್ಡರ್ ಹುಟ್ಟಿದ್ದು ಹೀಗೆ.

ಸರಿ, ದಾರಿಗೆ ಬರೋಣ. ಸಂಸೆ ಹತ್ತಿರದ ಬಾಳಗಲ್‌ನಿಂದ ಮುಳ್ಳೋಡಿಗೆ ಜೀಪು. ಆ ರಸ್ತೆಯಲ್ಲಿ ಹೋದರೆ ಬೆನ್ನುಹುರಿಯಲ್ಲಿ ಎಷ್ಟು ಮೂಳೆಗಳಿವೆ ಅಂತ ಎಣಿಸಿಕೊಳ್ಳಬಹುದು. ಮುಳ್ಳೋಡಿಯಿಂದ ಕಾಲ್ನಡಿಗೆ, ಹೋಗಿ ಬರುವುದಕ್ಕೆ 20 ಕಿಲೋಮೀಟರಿಗೂ ಸ್ವಲ್ಪ ಹೆಚ್ಚು. ಮೇಲೆ ಉಳಿಯುವ ಹಾಗಿಲ್ಲ, ಸಂಜೆಯೊಳಗೆ ಇಳಿದಿರಬೇಕು. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜಾತ್ರೆಯಂತೆ ಜನ ಸೇರಿದ ಮೇಲೆ ಅರಣ್ಯ ಇಲಾಖೆ ಚಾರಣಗಳಿಗೆಲ್ಲ ಮಿತಿ ಹಾಕಿ ಟಿಕೆಟ್ಟನ್ನು ಆನ್‌ಲೈನ್ ಮಾಡಿತು. ಒಳ್ಳೆಯದೇ ಆಯಿತು ಅನ್ನಿ.

ಇಲ್ಲಿ ಕಾಡು ಅಂದರೆ ಒಂದೇ ಸಮನೆ ಕಾಡಲ್ಲ. ಗುಡ್ಡದ ಬೆನ್ನೆಲ್ಲ ಹುಲ್ಲು, ಮಡಿಕೆ ಮಡಿಕೆಯಲ್ಲಿ, ನೀರು ಇಳಿಯುವ ಕಡೆ ಮಾತ್ರ ದಟ್ಟ ಶೋಲಾ. ಹುಲ್ಲಿನಲ್ಲಿ ಬಿಸಿಲು, ಶೋಲಾದೊಳಗೆ ಕಾಲಿಟ್ಟರೆ ಫ್ರಿಜ್ಜು. ಜತೆಗೆ ಉಂಬಳ. ನವೆಂಬರ್‌ನಲ್ಲೂ ಇದ್ದವು. ನನ್ನ ಜತೆ ಬಂದ ಗೈಡ್ ಹುಡುಗ ಇಪ್ಪತ್ತೈದರವನಿರಬೇಕು. ಚಪ್ಪಲಿಯಲ್ಲೇ ಹತ್ತುತ್ತಿದ್ದ. ನಾನು ಐದು ಸಾವಿರದ ಬೂಟಿನಲ್ಲಿ ಜಾರುತ್ತಿದ್ದೆ! "ಸಾರ್, ಒಂಟಿಮರ ತನಕ ಹೀಗೇ ಸಾರ್, ಆಮೇಲೆ ಏರು" ಅಂದ. ಅಂದರೆ ಇಲ್ಲಿಯವರೆಗೆ ಹತ್ತಿದ್ದು ಏರು ಅಲ್ಲವಂತೆ.

ಶಿಖರ 6,215 ಅಡಿ, ನಮ್ಮ ಲೆಕ್ಕದಲ್ಲಿ ಸುಮಾರು 1,894 ಮೀಟರ್. ರಾಜ್ಯದಲ್ಲಿ ಎರಡನೆಯದೋ ಮೂರನೆಯದೋ ಎಂಬ ಜಗಳ ಇದೆ, ನನಗದರಲ್ಲಿ ಆಸಕ್ತಿ ಇಲ್ಲ. ತುದಿಗೆ ಮೊದಲು ಒಂದು ಪಾಳುಬಿದ್ದ ಕಟ್ಟಡ ಸಿಗುತ್ತದೆ. ಕಲ್ಲಿನ ಗೋಡೆ, ಮೇಲೆ ಆಕಾಶ. "ಚರ್ಚ್ ಸಾರ್" ಅಂದ ಹುಡುಗ. ಇಷ್ಟು ಮೇಲೆ ಯಾರಪ್ಪಾ ಪ್ರಾರ್ಥನೆಗೆ ಬರುತ್ತಿದ್ದವರು? ಉತ್ತರ ಹಳೆಯ ಗೆಜೆಟಿಯರುಗಳಲ್ಲಿದೆ. ಸೌತ್ ಕೆನರಾದ ಬ್ರಿಟಿಷ್ ಅಧಿಕಾರಿಗಳು ಏಪ್ರಿಲ್-ಮೇ ತಿಂಗಳಿನಲ್ಲಿ ಮಂಗಳೂರಿನ ಬೇಗೆ ತಾಳಲಾರದೆ ಇಲ್ಲಿಗೆ ಹತ್ತಿ ಬರುತ್ತಿದ್ದರು. ಅವರಿಗೆ ಇದು ಆರೋಗ್ಯಧಾಮ. ಮಂಗಳೂರಿನ ಬೇಸಿಗೆ ಉಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆವರಿಗೆ ಅಂಟಿದ ಅಂಗಿಯನ್ನು ಬಿಚ್ಚಿಹಾಕಿ ಎಲ್ಲಾದರೂ ಓಡಿಹೋಗೋಣ ಅನ್ನಿಸುತ್ತದೆ. ಅವರು ಓಡಿಬಂದದ್ದು ಇಲ್ಲಿಗೆ.

ಆದರೆ ಕುದುರೆಮುಖ ಊಟಿ ಆಗಲಿಲ್ಲ. ಮಳೆಗಾಲದಲ್ಲಿ ಇಲ್ಲಿ ಮನುಷ್ಯ ನಿಲ್ಲಲಾರ, ಗಾಡಿ ಹತ್ತುವ ದಾರಿ ಇಲ್ಲ, ಮದರಾಸಿನವರಿಗೆ ನೀಲಗಿರಿ ಇದ್ದೇ ಇತ್ತು. ನನ್ನನ್ನು ಕೇಳಿದರೆ ಈ ಬೆಟ್ಟಕ್ಕೆ ಸಿಕ್ಕ ಮೊದಲ ಅದೃಷ್ಟ ಅದು.

ಎರಡನೆಯ ಸಲ ಅಷ್ಟು ಅದೃಷ್ಟ ಇರಲಿಲ್ಲ. ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ 1913ರಲ್ಲಿ ಈ ಕಡೆ ಕಬ್ಬಿಣದ ಅದಿರನ್ನು ಗುರುತಿಸಿದರು. ಅದಿರು ಬೇಕಾದಷ್ಟಿದೆ, ಆದರೆ ಕಬ್ಬಿಣದ ಅಂಶ ಕಡಿಮೆ. ಪುಡಿಮಾಡಿ, ತೊಳೆದು, ಸಾರ ಬೇರೆ ಮಾಡದೆ ಮಾರುವ ಹಾಗಿಲ್ಲ. ಹಾಗಾಗಿ ಆರು ದಶಕ ಅದು ಮಣ್ಣಿನೊಳಗೇ ಮಲಗಿತ್ತು. ಎಬ್ಬಿಸಿದ್ದು ಯಾರು ಗೊತ್ತೇ? ಇರಾನಿನ ಶಾ! ಎಣ್ಣೆಯ ಬೆಲೆ ಏರಿ ಅಲ್ಲಿ ದುಡ್ಡು ಹರಿಯುತ್ತಿದ್ದ ಕಾಲ. ಉಕ್ಕಿನ ಕಾರ್ಖಾನೆಗಳಿಗೆ ಅದಿರು ಬೇಕು, ಭಾರತಕ್ಕೆ ಡಾಲರ್ ಬೇಕು. 1975ರಲ್ಲಿ 63 ಕೋಟಿ ಡಾಲರ್ ಸಾಲದ ಒಪ್ಪಂದ, 1976ರ ಏಪ್ರಿಲ್‌ನಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿ. ಮಲ್ಲೇಶ್ವರದಲ್ಲಿ ಟೌನ್‌ಶಿಪ್ಪು, ತೊಳೆದ ಕಸ ನಿಲ್ಲಿಸಲು ಲಕ್ಯಾ ಹೊಳೆಗೆ ಸುಮಾರು 100 ಮೀಟರ್ ಎತ್ತರದ ಅಣೆಕಟ್ಟು, ಅದಿರನ್ನು ನೀರಿನಲ್ಲಿ ಕಲಸಿ ಮಂಗಳೂರಿಗೆ ಇಳಿಸಲು 67 ಕಿಲೋಮೀಟರ್ ಪೈಪು. ಕುದುರೆಯ ಮುಖ ನೋಡಿಕೊಂಡು ಬಂದರು ಸೇರುತ್ತಿದ್ದ ಹಡಗುಗಳು ಇನ್ನು ಅದೇ ಗುಡ್ಡದ ಪುಡಿಯನ್ನು ತುಂಬಿಕೊಂಡು ಹೋಗುವುದು ಅಂತ ಆಯಿತು.

1979ರಲ್ಲಿ ಶಾ ದೇಶ ಬಿಟ್ಟು ಓಡಿದ. ಹೊಸ ಸರ್ಕಾರಕ್ಕೆ ಈ ಅದಿರು ಬೇಡ, ಉಳಿದ ಸಾಲವೂ ಬರಲಿಲ್ಲ. ತೆಹರಾನಿನ ಬೀದಿಯಲ್ಲಿ ಕೂಗಿದ ಘೋಷಣೆಗೆ ಕಳಸದ ಕಾಡಿನಲ್ಲಿ ಯಂತ್ರಗಳು ದಿಕ್ಕು ತೋಚದೆ ನಿಂತವು ಅಂದರೆ ನಂಬುತ್ತೀರಾ? ಕೊನೆಗೆ ನಮ್ಮ ಸರ್ಕಾರವೇ ಯೋಜನೆ ಮುಗಿಸಿ 1980ರಲ್ಲಿ ಶುರು ಮಾಡಿತು, ಬೇರೆ ಗಿರಾಕಿಗಳನ್ನು ಹುಡುಕಿಕೊಂಡಿತು.

ಅದೇ ಹೊತ್ತಿಗೆ ಇನ್ನೊಬ್ಬರು ಈ ಕಾಡು ನೋಡುತ್ತಿದ್ದರು. ಉಲ್ಲಾಸ ಕಾರಂತರು 1980ರ ದಶಕದ ಆರಂಭದಲ್ಲಿ ಸಿಂಗಳೀಕಗಳನ್ನು ಹುಡುಕುತ್ತ ಇಲ್ಲೆಲ್ಲ ಅಲೆದರು. ಅವರ ಸಮೀಕ್ಷೆಯ ಬೆನ್ನಿಗೆ 1987ರಲ್ಲಿ 600 ಚದರ ಕಿಲೋಮೀಟರಿನ ರಾಷ್ಟ್ರೀಯ ಉದ್ಯಾನ ಘೋಷಣೆಯಾಯಿತು. ನಡುವೆ ಗಣಿ, ಸುತ್ತ ಉದ್ಯಾನ. ಬಾಳೆಎಲೆಯ ನಡುವೆ ಕೆಂಡ ಇಟ್ಟ ಹಾಗೆ. ವರ್ಷಕ್ಕೆ ನೂರಾರು ಅಂಗುಲ ಮಳೆ ಬೀಳುವ ಕಡೆ ಗುಡ್ಡದ ಚರ್ಮ ಸುಲಿದರೆ ಏನಾಗಬೇಕೋ ಅದೇ ಆಯಿತು. ಮಳೆಗಾಲದಲ್ಲಿ ಭದ್ರೆ ಕೆಂಪಾದಳು. ಗಣಿ ಗುತ್ತಿಗೆ 1999ರಲ್ಲಿ ಮುಗಿದಿತ್ತು, ಮುಂದುವರಿಸಬೇಕು ಬೇಡ ಅನ್ನುವ ಹಗ್ಗಜಗ್ಗಾಟ. ನಾಗರಹೊಳೆಯಲ್ಲಿ ದುಡಿದು ನಿವೃತ್ತರಾದ ವಲಯ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪನವರು ಸುಪ್ರೀಂ ಕೋರ್ಟಿಗೆ ಹೋದರು. 2002ರ ಅಕ್ಟೋಬರ್ 30ರಂದು ತೀರ್ಪು. 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು.

ಇಲ್ಲಿಗೆ ಶುಭಂ ಅಂತ ಬರೆದುಬಿಡಬಹುದಿತ್ತು. ನಾನೂ ಆ ತೀರ್ಪಿಗೆ ಖುಷಿಪಟ್ಟವನೇ, ಈಗಲೂ ಅದು ಸರಿ ಅಂತಲೇ ನನ್ನ ಅಭಿಪ್ರಾಯ. ಆದರೆ ತುದಿಯಲ್ಲಿ ಬುತ್ತಿ ಬಿಚ್ಚಿ ಕೂತಾಗ ಹುಡುಗ ಹೇಳಿದ್ದು: "ನಮ್ಮಪ್ಪ ಗಣೀಲಿ ಕಂಟ್ರಾಕ್ಟ್ ಕೆಲಸಕ್ಕಿದ್ರು ಸಾರ್. ನಿಂತ್ಮೇಲೆ ಕಾಫಿ ತೋಟದ ಕೂಲಿ. ಆಮೇಲೆ ಪಾರ್ಕ್‌ನೋರು ಬಂದು ಮನೆ ಬಿಟ್ಟು ಹೋಗಿ, ದುಡ್ಡು ಕೊಡ್ತೀವಿ ಅಂದ್ರು. ಚಿಕ್ಕಪ್ಪ ತಗೊಂಡು ಹೋದ್ರು. ಅಜ್ಜಿ ಒಪ್ಲಿಲ್ಲ."

ಉದ್ಯಾನದೊಳಗಿದ್ದ ಮಲೆಕುಡಿಯರು, ಸಣ್ಣ ಹಿಡುವಳಿದಾರರು, ಇವರನ್ನು ಹೊರಗೆ ಕಳಿಸುವ ಪ್ರಶ್ನೆಯೇ ಈ ಬೆಟ್ಟಸಾಲಿಗೆ ನಕ್ಸಲರನ್ನು ಕರೆತಂದ ಕಾರಣಗಳಲ್ಲಿ ದೊಡ್ಡದು. 2003ರ ನವೆಂಬರ್‌ನಲ್ಲಿ ಈದು ಎಂಬಲ್ಲಿ ಇಬ್ಬರು ಯುವತಿಯರು ಪೊಲೀಸರ ಗುಂಡಿಗೆ ಸತ್ತರು. 2005ರ ಫೆಬ್ರವರಿಯಲ್ಲಿ ಸಾಕೇತ್ ರಾಜನ್. ಮೈಸೂರಿನವರಾದ ಅವರು ಕರ್ನಾಟಕದ ಚರಿತ್ರೆಯನ್ನೇ ಬರೆದಿದ್ದವರು. ಗಣಿ ನಿಂತದ್ದೂ ಅದೇ ವರ್ಷದ ಕೊನೆಗೆ, ನೆನಪಿಡಿ. ಆ ವರ್ಷಗಳಲ್ಲಿ ಈ ಕಡೆ ಚಾರಣ ಅಂದರೆ ನಮ್ಮಮ್ಮ ಊಟ ಬಿಡುತ್ತಿದ್ದಳು. 2024ರ ನವೆಂಬರ್‌ನಲ್ಲಿ ಕಬ್ಬಿನಾಲೆಯಲ್ಲಿ ವಿಕ್ರಂ ಗೌಡ ಹತನಾದ, 2025ರ ಜನವರಿಯಲ್ಲಿ ಆರು ಜನ ಬೆಂಗಳೂರಿನಲ್ಲಿ ಶರಣಾದರು. ನಾನು ಮನೆಯಲ್ಲಿ ಧೈರ್ಯವಾಗಿ ಹೇಳಿ ಹೊರಟದ್ದು ಅದಾದ ಮೇಲೆಯೇ.

ಗಾಳಿ ಮಂಜನ್ನು ಸರಿಸಿತು. ಪಶ್ಚಿಮಕ್ಕೆ ಗೋಡೆ ಕುಸಿದ ಹಾಗೆ ಪ್ರಪಾತ, ಆಚೆ ಕರಾವಳಿಯ ಹಸಿರು, ಅದರಾಚೆ ಬೆಳ್ಳಗೆ ಮಸುಕಾಗಿ ಏನೋ. ಸಮುದ್ರವೇ ಇರಬೇಕು. ಈ ಕಡೆ ಬಿದ್ದ ಮಳೆಹನಿ ನೇತ್ರಾವತಿಯ ಜತೆ ಮಂಗಳೂರಿಗೆ, ಆ ಕಡೆ ಬಿದ್ದದ್ದು ಭದ್ರೆ, ತುಂಗಭದ್ರೆ, ಕೃಷ್ಣೆ ಅಂತ ಸುತ್ತಿ ಬಂಗಾಳ ಕೊಲ್ಲಿಗೆ. ಹುಡುಗನನ್ನು ಕೇಳಿದೆ, ನಿನಗೆ ಇಲ್ಲಿಂದ ಏನು ಕಾಣುತ್ತದೆ? ಅವನು ಪೂರ್ವಕ್ಕೆ ತಿರುಗಿ ಹುಲ್ಲಿನ ಮಡಿಕೆಗಳ ನಡುವೆ ಎಲ್ಲೋ ಬೆರಳು ತೋರಿಸಿದ. "ಅಲ್ಲಿ, ಆ ಮರಗಳ ಹಿಂದೆ ಸಾರ್. ನಮ್ಮನೆ. ಅಜ್ಜಿ ಒಲೆ ಹಚ್ಚಿದ್ರೆ ಹೊಗೆ ಕಾಣುತ್ತೆ." ನಾನು ಕಣ್ಣು ಕಿರಿದು ಮಾಡಿ ನೋಡಿದೆ, ನನಗೆ ಮಂಜೇ ಕಂಡಿದ್ದು.

ಇಳಿಯುವಾಗ ಮಂಡಿ ಹಿಡಿದುಕೊಂಡಿತು. ಅವರ ಮನೆಯಲ್ಲಿ ಬೆಲ್ಲದ ಕಾಫಿ ಕುಡಿದೆವು. ಅಜ್ಜಿ ನನ್ನ ಕಾಲಿನ ರಕ್ತ ನೋಡಿ, "ಉಂಬಳ ಕಚ್ಚಿದ್ರೆ ಸುಣ್ಣ ಹಚ್ಚು ಮಗಾ" ಅಂತ ಸುಣ್ಣದ ಡಬ್ಬಿ ಕೊಟ್ಟರು. ಮಾರನೇ ದಿನ ಕಾರ್ಕಳದ ಬಸ್ಸು ಹಿಡಿದೆ. ಕಿಟಕಿಯಲ್ಲಿ ಟೌನ್‌ಶಿಪ್ಪಿನ ಖಾಲಿ ಮನೆಗಳು ಸರಿದವು, ಕೆಲವಕ್ಕೆ ಬಳ್ಳಿ ಹಬ್ಬಿ ಬಾಗಿಲೇ ಕಾಣದು. ಆಮೇಲೆ ಕಾಡು. ಆಮೇಲೆ ಕಂಡಕ್ಟರ್ ಕೂಗಿದ, "ಬಾರ್ಡರ್... ಬಾರ್ಡರ್..." ಯಾರೂ ಇಳಿಯಲಿಲ್ಲ. ಸೊಪ್ಪಿನ ಹೊರೆ ಹೊತ್ತ ಒಬ್ಬಾಕೆ ಹತ್ತಿದಳು.