ಕೆನ್ನೆಯ ಮೇಲಿನ ಗಾಯ

ನಮ್ಮ ಕಡೆ ಹುಡುಗರು ಜಗಳಕ್ಕೆ ನಿಂತಾಗ ಕೊನೆಯ ಅಸ್ತ್ರವಾಗಿ ಬರುವ ಮಾತೊಂದಿದೆ: 'ಕೈಗೆ ಬಳೆ ತೊಟ್ಟಿದ್ದೀಯೇನೋ?' ಅಲ್ಲಿಯವರೆಗೆ ಬೈಗುಳವನ್ನೆಲ್ಲ ನಗುತ್ತ ನುಂಗಿಕೊಂಡವನೂ ಈ ಮಾತು ಕಿವಿಗೆ ಬಿದ್ದೊಡನೆ ತೋಳೇರಿಸುತ್ತಾನೆ. ಮಿಡ್ಲ್ ಸ್ಕೂಲಿನಲ್ಲಿದ್ದಾಗ ನಾನೂ ಒಮ್ಮೆ ಏರಿಸಿದೆ. ಆದರೆ ಆ ಮಾತನ್ನು ಆಡಿದವನು ನನಗಿಂತ ಗಟ್ಟಿಗ. ಅವನ ಮೇಲೆ ಕೈಮಾಡುವ ಧೈರ್ಯ ನನಗಿರಲಿಲ್ಲ. ಅಷ್ಟರಲ್ಲಿ ಕೆರೆಯ ಏರಿಯ ಮೇಲೆ ಊರಾಚೆಯ ಕೇರಿಯ ಹುಡುಗನೊಬ್ಬ ಬಂದ. ಗರಡಿಯಲ್ಲಿ ಅವನೊಡನೆ ನಾವು ಯಾರೂ ಕುಸ್ತಿ ಹಿಡಿಯುತ್ತಿರಲಿಲ್ಲ. ಹಿಡಿದರೆ ನಮಗೇ ಕುಂದು ಎಂದು ನಂಬಿದ್ದೆವು. ಹೊಡೆಯುವುದಕ್ಕೆ ಮಾತ್ರ ಅಡ್ಡಿಯಿರಲಿಲ್ಲ. ನಾಲ್ವರು ಸೇರಿ ಒಬ್ಬನನ್ನು ಹೊಡೆದೆವು. ನಾನು ಗಂಡಸೆಂಬುದು ಆ ಸಂಜೆ ರುಜುವಾತಾಯಿತು.

ಸೆಣಸುವುದಕ್ಕೆ ಯೋಗ್ಯನಲ್ಲದವನು ಪೆಟ್ಟು ತಿನ್ನುವುದಕ್ಕೆ ಹೇಗೆ ಯೋಗ್ಯನಾದ? ಈ ಪ್ರಶ್ನೆ ಆಗ ಹೊಳೆಯಲಿಲ್ಲ. ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ, ಜರ್ಮನಿಯ ಇತಿಹಾಸದ ಪುಸ್ತಕವೊಂದನ್ನು ಓದುತ್ತ ಕುಳಿತಿದ್ದಾಗ. ಅದರಲ್ಲೊಂದು ಭಾವಚಿತ್ರವಿತ್ತು. ಗಟ್ಟಿಕಾಲರಿನ ಅಂಗಿ ತೊಟ್ಟ ಯಾರೋ ಗಣ್ಯರು. ಎಡಗೆನ್ನೆಯ ಮೇಲೆ ಎರಡು ಉದ್ದನೆಯ ಗಾಯದ ಗುರುತು. ಯುದ್ಧದಲ್ಲಿ ಆದ ಗಾಯವಿರಬೇಕೆಂದುಕೊಂಡೆ. ಅಲ್ಲ, ಅದು ಕಾಲೇಜಿನಲ್ಲಿ ಆದ ಗಾಯ!

ಹತ್ತೊಂಬತ್ತನೆಯ ಶತಮಾನದ ಜರ್ಮನ್ ಮತ್ತು ಆಸ್ಟ್ರಿಯನ್ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿ ಸಂಘಗಳಿದ್ದವು. ಬಣ್ಣದ ಟೋಪಿ, ಬಣ್ಣದ ಪಟ್ಟಿ, ಬಿಯರು, ಹಾಡು, ಇವುಗಳೊಡನೆ ಅಲ್ಲಿ ಖಡ್ಗವೂ ಒಂದು ಪಾಠ. 'ಮೆನ್‌ಸೂರ್' ಎಂಬ ಆ ಕಾಳಗದ ರೀತಿಯೇ ವಿಚಿತ್ರ. ಇಬ್ಬರು ತರುಣರು ಕೈಯಳತೆಯ ದೂರದಲ್ಲಿ ಎದುರೆದುರು ನಿಲ್ಲಬೇಕು. ಕಣ್ಣಿಗೆ ಕಬ್ಬಿಣದ ಕಾಪು, ಕುತ್ತಿಗೆಗೂ ತೋಳಿಗೂ ದಪ್ಪ ಬಟ್ಟೆಯ ಸುತ್ತು. ಕೆನ್ನೆ, ಹಣೆ, ತಲೆ ಮಾತ್ರ ಬಯಲು. ಹರಿತವಾದ ಖಡ್ಗ ಬೀಸಿ ಬರುವಾಗ ಹಿಂದೆ ಸರಿಯುವಂತಿಲ್ಲ, ತಲೆ ತಗ್ಗಿಸುವಂತಿಲ್ಲ. ಗೆಲುವು ಸೋಲು ಅಲ್ಲಿ ಮುಖ್ಯವಲ್ಲ. ಅಳುಕದೆ ನಿಂತನೇ ಎಂಬುದಷ್ಟೇ ಲೆಕ್ಕ. ಪಕ್ಕದಲ್ಲಿ ವೈದ್ಯರು ಸೂಜಿ ದಾರ ಹಿಡಿದು ಕಾದಿರುತ್ತಿದ್ದರು. ಅಮೆರಿಕದ ವಿನೋದ ಸಾಹಿತಿ ಮಾರ್ಕ್ ಟ್ವೇನ್ 1878ರಲ್ಲಿ ಹೈಡೆಲ್‌ಬರ್ಗಿನಲ್ಲಿ ಇದನ್ನು ಕಣ್ಣಾರೆ ಕಂಡು, 1880ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ವಿವರವಾಗಿ ಬರೆದಿದ್ದಾನೆ. ಉಳಿದ ಗುರುತೇ ಬಿರುದು. ಅದಕ್ಕೆ 'ಶ್ಮಿಸ್' ಎಂದು ಹೆಸರು. ಅದನ್ನು ಹೊತ್ತವನು ನಾಳೆ ನ್ಯಾಯಾಧೀಶನೋ ಅಧಿಕಾರಿಯೋ ಆದಾಗ, ಅವನು ಯಾವ ಗುಂಪಿನವನೆಂಬುದನ್ನು ಮುಖವೇ ಹೇಳುತ್ತಿತ್ತು.

ಇಷ್ಟೇ ಆಗಿದ್ದರೆ ಪಡ್ಡೆ ಹುಡುಗರ ಹುಚ್ಚಾಟವೆಂದು ನಕ್ಕುಬಿಡಬಹುದಿತ್ತು. ಆದರೆ ಈ ಆಟದ ಹಿಂದೆ ಒಂದು ಗಂಭೀರವಾದ ನಂಬಿಕೆಯಿತ್ತು. ಮಾನವಂತನಿಗೆ ಯಾರಾದರೂ ಅವಮಾನ ಮಾಡಿದರೆ ಅವನು ಖಡ್ಗದಿಂದಲೋ ಪಿಸ್ತೂಲಿನಿಂದಲೋ ಲೆಕ್ಕ ತೀರಿಸಿಕೊಳ್ಳಬೇಕು. ದ್ವಂದ್ವಯುದ್ಧಕ್ಕೆ ಕಾನೂನಿನ ನಿಷೇಧವಿದ್ದರೂ, ಕರೆ ಬಂದಾಗ ಹಿಂಜರಿದ ಸೈನ್ಯಾಧಿಕಾರಿ ತನ್ನ ಹುದ್ದೆಯನ್ನೇ ಕಳೆದುಕೊಳ್ಳುವ ಭಯವಿತ್ತು. ಈ ಲೆಕ್ಕ ತೀರಿಸಿಕೊಳ್ಳುವ ಹಕ್ಕು ಎಲ್ಲರಿಗೂ ಇರಲಿಲ್ಲ. ಶ್ರೀಮಂತ ವಂಶದವನಿಗುಂಟು, ಅಧಿಕಾರಿಗುಂಟು, ವಿಶ್ವವಿದ್ಯಾಲಯದಲ್ಲಿ ಓದಿದವನಿಗುಂಟು. ಕೂಲಿಯವನಿಗಿಲ್ಲ, ರೊಟ್ಟಿ ಸುಡುವವನಿಗಿಲ್ಲ, ಹೆಂಗಸಿಗಂತೂ ಇಲ್ಲವೇ ಇಲ್ಲ. ಅಂದರೆ ಪೌರುಷವೆಂಬುದು ಗಂಡಸರಿಗೆಲ್ಲ ಹುಟ್ಟಿನಿಂದ ಬಂದ ಸೊತ್ತಲ್ಲ. ಕೆಲವರು ತಮ್ಮ ತಮ್ಮಲ್ಲೇ ಹಂಚಿಕೊಂಡ ಜಹಗೀರು.

ಈ ಜಹಗೀರಿನ ಬೇಲಿಯನ್ನು 1896ರಲ್ಲಿ ಆಸ್ಟ್ರಿಯದ ಜರ್ಮನ್ ರಾಷ್ಟ್ರವಾದಿ ವಿದ್ಯಾರ್ಥಿ ಸಂಘಗಳು ಇನ್ನೊಂದಿಷ್ಟು ಬಿಗಿಗೊಳಿಸಿದವು. ವೈಡ್‌ಹೋಫೆನ್ ನಿರ್ಣಯವೆಂದು ಹೆಸರಾದ ಅವರ ಠರಾವಿನ ತಾತ್ಪರ್ಯವಿಷ್ಟು: ಯಹೂದ್ಯನಿಗೆ ಹುಟ್ಟಿನಿಂದಲೇ ಮಾನವಿಲ್ಲ, ಮಾನವಿಲ್ಲದವನಿಗೆ ಅವಮಾನವೂ ಆಗಲಾರದು, ಆದ್ದರಿಂದ ಅವನು ದ್ವಂದ್ವಕ್ಕೆ ಕರೆದರೆ ಯಾರೂ ಓಗೊಡಬೇಕಾಗಿಲ್ಲ. ತರ್ಕ ಎಷ್ಟು ಅಚ್ಚುಕಟ್ಟು ನೋಡಿ! ಬೈಯಬಹುದು, ಉಗುಳಬಹುದು, ಗುಂಪುಕಟ್ಟಿ ಹೊಡೆಯಬಹುದು; ಆತ ಎದುರು ನಿಂತರೆ 'ನೀನು ಸಮನಲ್ಲ' ಎಂದು ಬೆನ್ನು ತಿರುಗಿಸಬಹುದು. ನಮ್ಮ ಕೆರೆಯ ಏರಿಯ ಕಾನೂನೂ ಇದೇ ಆಗಿತ್ತಲ್ಲವೇ?

ವೈದ್ಯರೂ ನಾಟಕಕಾರರೂ ಆಗಿದ್ದ ವಿಯೆನ್ನಾದ ಆರ್ತರ್ ಶ್ನಿಟ್ಸ್ಲರ್ ಈ ನಿರ್ಣಯದ ಹಿನ್ನೆಲೆಯನ್ನು ತಮ್ಮ ಆತ್ಮಕಥೆಯಲ್ಲಿ ತಿಳಿಸಿದ್ದಾರೆ. ಮೇಲಿಂದ ಮೇಲೆ ಅವಮಾನ ಉಂಡ ಯಹೂದಿ ತರುಣರು ಹಠ ತೊಟ್ಟು ಖಡ್ಗವಿದ್ಯೆ ಕಲಿತು, ಎದುರಾಳಿಗಳನ್ನೇ ಮೀರಿಸುವ ಕುಶಲರಾದರಂತೆ. ಗೆಲ್ಲಲಾರದವರು ಆಟದ ನಿಯಮವನ್ನೇ ಬದಲಾಯಿಸಿದರು. ಅದೇ ಶ್ನಿಟ್ಸ್ಲರ್ 1900ರ ಡಿಸೆಂಬರಿನಲ್ಲಿ 'ಲೆಫ್ಟಿನೆಂಟ್ ಗುಸ್ಟ್ಲ್' ಎಂಬ ಕಥೆ ಪ್ರಕಟಿಸಿದರು. ರೊಟ್ಟಿ ಅಂಗಡಿಯವನೊಬ್ಬ ಸಂಗೀತ ಸಭೆಯ ನೂಕುನುಗ್ಗಲಿನಲ್ಲಿ ಲೆಫ್ಟಿನೆಂಟನ ಖಡ್ಗದ ಹಿಡಿಯನ್ನು ಅದುಮಿ ಹಿಡಿದು ಗದರಿಸುತ್ತಾನೆ. ಅಂಗಡಿಯವನನ್ನು ದ್ವಂದ್ವಕ್ಕೆ ಕರೆಯುವಂತಿಲ್ಲ. ಆದ್ದರಿಂದ ತಾನೇ ಸಾಯಬೇಕೆಂದು ಲೆಫ್ಟಿನೆಂಟ್ ರಾತ್ರಿಯೆಲ್ಲ ಊರು ಸುತ್ತುತ್ತಾನೆ. ಬೆಳಗಾದಾಗ ಅಂಗಡಿಯವನೇ ರಾತ್ರಿ ಪಾರ್ಶ್ವವಾಯುವಿನಿಂದ ಸತ್ತನೆಂಬ ಸುದ್ದಿ! ಇವನ ಆನಂದಕ್ಕೆ ಪಾರವಿಲ್ಲ. ಯಾರೂ ನೋಡಲಿಲ್ಲವೆಂದ ಮೇಲೆ ಮಾನವೂ ಹೋಗಲಿಲ್ಲ. ಕಥೆಯನ್ನು ಓದಿ ಸೈನ್ಯ ಕೆರಳಿತು. 1901ರಲ್ಲಿ ಶ್ನಿಟ್ಸ್ಲರರ ಮೀಸಲು ಅಧಿಕಾರಿ ಪದವಿಯನ್ನು ಕಸಿದುಕೊಂಡಿತು.

ಹೊರಗಿಟ್ಟವರ ಪಾಡು ಇನ್ನೂ ಮನಕಲಕುವಂಥದು. ಅಳತೆಗೋಲೇ ಸುಳ್ಳೆಂದು ಹೇಳಿದವರು ಕಡಮೆ. ಅದೇ ಕೋಲಿನಿಂದ ತಮ್ಮನ್ನೂ ಅಳೆದು ನೋಡಿ ಎಂದು ಬೇಡಿದವರೇ ಹೆಚ್ಚು. ಥಿಯೊಡೋರ್ ಹರ್ಟ್ಸ್ಲ್, ಮುಂದೆ ಯಹೂದಿ ರಾಷ್ಟ್ರದ ಕನಸು ಕಂಡವನು, ವಿಯೆನ್ನಾದಲ್ಲಿ ಕಾನೂನು ಓದುವಾಗ 1881ರಲ್ಲಿ ಇಂಥ ಸಂಘವೊಂದನ್ನು ಸೇರಿ ಖಡ್ಗ ಹಿಡಿದಿದ್ದ. 1883ರಲ್ಲಿ ಸಂಗೀತಗಾರ ವಾಗ್ನರನ ಸ್ಮರಣೆಯ ಸಭೆ ಯಹೂದಿ ದ್ವೇಷದ ಸಭೆಯಾದಾಗ ಮನನೊಂದು ರಾಜೀನಾಮೆ ಕೊಟ್ಟ. ಆದರೂ ಯಹೂದಿ ದ್ವೇಷಿಗಳ ಮುಖಂಡನೊಬ್ಬನನ್ನು ದ್ವಂದ್ವಕ್ಕೆ ಕರೆದು ತನ್ನ ಜನರ ಮಾನ ಉಳಿಸುವ ಕಲ್ಪನೆ 1895ರಷ್ಟು ತಡವಾಗಿಯೂ ಅವನ ದಿನಚರಿಯಲ್ಲಿ ಇಣುಕುತ್ತದೆ. ಬ್ರೆಸ್ಲೌ ನಗರದಲ್ಲಿ 1886ರಲ್ಲಿ ಯಹೂದಿ ವಿದ್ಯಾರ್ಥಿಗಳು ತಮ್ಮದೇ ಖಡ್ಗಧಾರಿ ಸಂಘ ಕಟ್ಟಿದರು. ಅವರಿಗೂ ಕೆನ್ನೆಯ ಮೇಲೊಂದು ಗಾಯ ಬೇಕಾಗಿತ್ತು.

ಈ ಇಡೀ ಕಥೆಯನ್ನು ಒಬ್ಬನೇ ಮನುಷ್ಯನ ಬಾಳಿನಲ್ಲಿ ಕಾಣಬೇಕಾದರೆ ವಾಲ್ಟರ್ ರಾಟೆನೌನನ್ನು ನೆನೆಯಬೇಕು. ಹುಟ್ಟಿದ್ದು 1867ರಲ್ಲಿ, ಬರ್ಲಿನ್ನಿನಲ್ಲಿ. ತಂದೆ ವಿದ್ಯುತ್ ಕಂಪೆನಿ ಎ.ಇ.ಜಿ.ಯ ಸ್ಥಾಪಕ. ಮಗ ಬುದ್ಧಿವಂತ, ಚಿತ್ರಕಲೆ ಬಲ್ಲವನು, ಬರಹಗಾರ. ರಾಜಧಾನಿಯ ಕಾವಲು ಅಶ್ವದಳದಲ್ಲಿ ಒಂದು ವರ್ಷದ ಸೇವೆ ಮಾಡಿದ. ಆದರೆ ಮೀಸಲು ಅಧಿಕಾರಿಯ ಪದವಿ ಸಿಗಲಿಲ್ಲ. 1885ರಿಂದ ಮಹಾಯುದ್ಧದವರೆಗೆ ಪ್ರಷ್ಯದ ಸೈನ್ಯ ಒಬ್ಬ ಯಹೂದ್ಯನಿಗೂ ಆ ಪದವಿಯನ್ನು ಕೊಡಲಿಲ್ಲ. ಆ ನೋವು ಅವನನ್ನು ಎಲ್ಲಿಗೆ ಒಯ್ದಿತು? 1897ರಲ್ಲಿ ಅವನೇ ಒಂದು ಲೇಖನ ಬರೆದು, ತನ್ನ ಜನರ ಇಳಿಬಿದ್ದ ಭುಜ, ಮೆತ್ತನೆಯ ಮೈಕಟ್ಟು, ಸೊಟ್ಟ ನಡಿಗೆಗಳನ್ನು ಹಳಿದ. ಕನ್ನಡಿ ನೋಡಿಕೊಂಡು ತಿದ್ದಿಕೊಳ್ಳಿ ಎಂದ. ದ್ವೇಷಿಸುವವರ ಕಣ್ಣನ್ನೇ ಎರವಲು ತಂದು ತನ್ನವರನ್ನು ನೋಡಿದ. ಎಳೆಯ ವಯಸ್ಸಿನಲ್ಲಿ ತಾನು ಎರಡನೆಯ ದರ್ಜೆಯ ಪ್ರಜೆಯೆಂದು ಅರಿವಾಗುವ ಆ ಗಳಿಗೆಯನ್ನು ಯಾವ ಜರ್ಮನ್ ಯಹೂದ್ಯನೂ ಮರೆಯಲಾರ ಎಂದು ಮುಂದೆ 1911ರಲ್ಲಿ ಬರೆದವನೂ ಅವನೇ.

1914ರಲ್ಲಿ ಯುದ್ಧ ಬಂತು. ಜರ್ಮನಿಗೆ ಕಚ್ಚಾ ಸಾಮಗ್ರಿಯ ಸರಬರಾಜನ್ನು ಕಟ್ಟಿಕೊಟ್ಟವನು ಈ ರಾಟೆನೌ. ಸುಮಾರು 1,00,000 ಯಹೂದ್ಯರು ಜರ್ಮನ್ ಸೈನ್ಯದಲ್ಲಿ ದುಡಿದರು. ಸುಮಾರು 12,000 ಮಂದಿ ಸತ್ತರು. ಆದರೂ 1916ರಲ್ಲಿ ಯುದ್ಧಮಂತ್ರಿ ಯಹೂದಿ ಸೈನಿಕರ ಗಣತಿಗೆ ಆಜ್ಞೆ ಹೊರಡಿಸಿದ. ಅವರು ರಣರಂಗಕ್ಕೆ ಹೋಗದೆ ತಪ್ಪಿಸಿಕೊಳ್ಳುತ್ತಿದ್ದಾರೆ ಎಂಬ ಗುಲ್ಲು ಇದಕ್ಕೆ ನೆಪ. ಗಣತಿಯೇನೋ ನಡೆಯಿತು, ಯುದ್ಧ ಮುಗಿಯುವವರೆಗೂ ಫಲಿತಾಂಶ ಪ್ರಕಟವಾಗಲಿಲ್ಲ. ಸಂಶಯ ಮಾತ್ರ ಊರೂರಿಗೆ ತಲಪಿತು.

1918ರಲ್ಲಿ ಜರ್ಮನಿ ಸೋತಿತು. ಗಂಡಸೆಂದರೆ ಸೈನಿಕ ಎಂದು ನಂಬಿ ಬೆಳೆದ ಒಂದು ಪೀಳಿಗೆ ಸಮವಸ್ತ್ರವಿಲ್ಲದೆ ಬೀದಿಯಲ್ಲಿ ನಿಂತಿತು. ಅವರಿಗಿಂತಲೂ ಕಿರಿಯರ ಅವಸ್ಥೆ ಇನ್ನೂ ವಿಚಿತ್ರ. ಅವರಿಗೆ ಯುದ್ಧವೇ ತಪ್ಪಿಹೋಗಿತ್ತು. ಎರ್ನ್‌ಸ್ಟ್ ಫಾನ್ ಸಾಲೊಮೊನ್ ಎಂಬವನು ಸೈನಿಕ ಶಾಲೆಯಲ್ಲಿ ಬೆಳೆದವನು. ಯುದ್ಧ ಮುಗಿದಾಗ ಅವನಿಗೆ 16 ವರ್ಷ. ಇಂಥ ಹುಡುಗರು ಖಾಸಗಿ ಸೇನಾದಳಗಳನ್ನು ಸೇರಿದರು, ಅಲ್ಲಿಂದ ಗುಪ್ತ ಸಂಘಗಳಿಗೆ ನಡೆದರು. ಸೋಲಿಗೆ ಯಾರಾದರೂ ಹೊಣೆಯಾಗಬೇಕಲ್ಲ? ಹೊಣೆಗಾರ ಮೊದಲೇ ಗೊತ್ತಾಗಿದ್ದ.

1922ರ ಆರಂಭದಲ್ಲಿ ರಾಟೆನೌ ವಿದೇಶಾಂಗ ಮಂತ್ರಿಯಾದ. ಜೂನ್ 24ರ ಬೆಳಗ್ಗೆ ತೆರೆದ ಕಾರಿನಲ್ಲಿ, ಕಾವಲಿಲ್ಲದೆ, ಕಚೇರಿಗೆ ಹೊರಟಿದ್ದ. ಇನ್ನೊಂದು ಕಾರು ಪಕ್ಕಕ್ಕೆ ಬಂತು. 23 ವರ್ಷದ ಎರ್ವಿನ್ ಕೆರ್ನ್ ಯಂತ್ರಪಿಸ್ತೂಲಿನಿಂದ ಗುಂಡು ಹಾರಿಸಿದ. 26ರ ಹೆರ್ಮನ್ ಫಿಶರ್ ಕೈಬಾಂಬು ಎಸೆದ. ಕಾರು ನಡೆಸುತ್ತಿದ್ದ ಟೆಕೋಗೆ 20. ಒಳಸಂಚಿನಲ್ಲಿ ನೆರವಾದ ಸಾಲೊಮೊನ್‌ಗೆ 19. ಟೆಕೋನ ತಮ್ಮನೂ ಇದರಲ್ಲಿದ್ದ. ಅವನು 16ರ ಹುಡುಗ! ವಿಚಾರಣೆಯಲ್ಲಿ ಟೆಕೋ ಹೇಳಿದ್ದೇನು? ಲೋಕವನ್ನೆಲ್ಲ ಗುಟ್ಟಾಗಿ ಆಳುವ 300 ಯಹೂದಿ ಹಿರಿಯರಲ್ಲಿ ರಾಟೆನೌ ಒಬ್ಬನೆಂದು ಕೆರ್ನ್ ತನಗೆ ತಿಳಿಸಿದ್ದನಂತೆ. ಯೂರೋಪಿನ ಆರ್ಥಿಕ ವ್ಯವಹಾರ ಪರಸ್ಪರ ಬಲ್ಲ 300 ಜನರ ಕೈಯಲ್ಲಿದೆಯೆಂದು 1909ರಲ್ಲಿ ರಾಟೆನೌ ಟೀಕೆ ಮಾಡಿದ್ದುಂಟು. ಅಲ್ಲಿ ಯಹೂದ್ಯರ ಮಾತೇ ಇರಲಿಲ್ಲ. ಟೀಕಿಸಿದವನ ಮಾತೇ ಅವನ ಮೇಲಿನ ಆರೋಪವಾಯಿತು.

ಮೆನ್‌ಸೂರಿನ ಖಡ್ಗವೇ ಈ ಕೊಲೆಗೆ ನೇರ ಕಾರಣವೆಂದು ನಾನು ಹೇಳುವುದಿಲ್ಲ. ಸೋಲು, ಹಸಿವು, ರಾಜಕೀಯ ಎಲ್ಲವೂ ಇದ್ದವು. ಆದರೆ ಒಂದು ಮಾತನ್ನು ಗಮನಿಸಬೇಕು. ಎದುರಿಗೆ ನಿಲ್ಲಬೇಕು, ಹಿಂದೆ ಸರಿಯಬಾರದು, ಸಮಾನ ಆಯುಧವಿರಬೇಕು ಎಂದು ಪೌರುಷದ ಪಾಠ ಹೇಳಿದ ಸಮಾಜವೇ, ಈ ನಿಯಮಗಳು ಇಂಥವರಿಗೆ ಅನ್ವಯಿಸುವುದಿಲ್ಲ ಎಂದೂ ಕಲಿಸಿತ್ತು. ನಿಯಮದ ಹೊರಗಿಟ್ಟವನನ್ನು ಓಡುವ ಕಾರಿನಿಂದ ಕೊಂದರೂ ಪೌರುಷಕ್ಕೆ ಕುಂದಿಲ್ಲ! ಕೆರ್ನ್ ಪೋಲೀಸರ ಗುಂಡಿಗೆ ಬಲಿಯಾದ. ಫಿಶರ್ ತಾನೇ ಗುಂಡು ಹಾರಿಸಿಕೊಂಡ. 1933ರಲ್ಲಿ ಅಧಿಕಾರಕ್ಕೆ ಬಂದ ನಾಜಿಗಳು ಇವರಿಬ್ಬರನ್ನೂ ವೀರರೆಂದು ಸನ್ಮಾನಿಸಿದರು.

ಅದಕ್ಕೆ ಒಂದು ವರ್ಷ ಮೊದಲು, 1932ರಲ್ಲಿ, ಯಹೂದಿ ಮಾಜಿ ಸೈನಿಕರ ಸಂಘ ಒಂದು ಪುಸ್ತಕ ಅಚ್ಚು ಹಾಕಿಸಿತ್ತು. ಅದರಲ್ಲಿ ಇದ್ದದ್ದು ಜರ್ಮನಿಗಾಗಿ ಸತ್ತ ಹತ್ತು ಸಾವಿರಕ್ಕೂ ಹೆಚ್ಚು ಯಹೂದ್ಯರ ಹೆಸರು. ಗಾಯದ ಗುರುತು ಸಾಲದೆಂದು ಹೆಣಗಳ ಪಟ್ಟಿಯನ್ನೇ ಮುಂದಿಟ್ಟ ಹಾಗಾಯಿತು. ಅದೂ ಸಾಲಲಿಲ್ಲ. ಯುದ್ಧದಲ್ಲಿ ಹೋರಾಡಿದ ಯಹೂದಿ ನೌಕರರಿಗೆ ಮೊದಲು ಸಿಕ್ಕಿದ್ದ ಅಲ್ಪ ರಿಯಾಯಿತಿಯೂ 1935ರಲ್ಲಿ ರದ್ದಾಯಿತು. ಮುಂದಿನದನ್ನು ಲೋಕವೆಲ್ಲ ಬಲ್ಲದು.

ಈ ಇತಿಹಾಸದಲ್ಲಿ ನನ್ನ ಮನಸ್ಸು ನಿಲ್ಲುವುದು ಒಂದು ಪತ್ರದ ಬಳಿ. ರಾಟೆನೌನ ವೃದ್ಧ ತಾಯಿ, ಮಗ ಸತ್ತ ಮೇಲೆ, ಕೊಲೆಗಾರ ಟೆಕೋನ ತಾಯಿಗೆ ಕಾಗದ ಬರೆದಳು: ನಿನ್ನ ಮಗ ತಪ್ಪೊಪ್ಪಿಕೊಂಡು ಪಶ್ಚಾತ್ತಾಪಪಟ್ಟರೆ ನಾನು ಕ್ಷಮಿಸುತ್ತೇನೆ ಎಂದು. ಆ ನಾಡಿನ ಮಾನದ ಲೆಕ್ಕದಲ್ಲಿ ಆಕೆ ಯಾವ ದರ್ಜೆಗೂ ಸೇರಿದವಳಲ್ಲ. ಹೆಂಗಸು, ಯಹೂದಿ, ಮುದುಕಿ. ಆದರೂ ಎದುರಿಗೆ ನಿಂತು ಹಿಂದೆ ಸರಿಯದವಳು ಆ ಕಾಲದಲ್ಲಿ ಯಾರಾದರೂ ಇದ್ದರೆ ಆಕೆಯೇ ಎಂದು ನನಗೆ ತೋರುತ್ತದೆ. ನಮ್ಮ ಬೀದಿಯ ಭಾಷೆಯಲ್ಲಿ ಹೇಳುವುದಾದರೆ ಅದು ಬಳೆ ತೊಟ್ಟ ಕೈ.

ಮೊನ್ನೆ ನಮ್ಮ ಮನೆಯ ಮುಂದೆ ಹುಡುಗರು ಕ್ರಿಕೆಟ್ ಆಡುತ್ತ ಜಗಳಕ್ಕೆ ಬಿದ್ದರು. ಒಬ್ಬನ ಬಾಯಿಂದ ಅದೇ ಬಳೆಯ ಮಾತು ಬಂತು. ಅನ್ನಿಸಿಕೊಂಡವನು ಕೆಂಪಾಗಿ ಸುತ್ತ ನೋಡಿದ. ಆ ನೋಟ ನನಗೆ ಗೊತ್ತು. ತನ್ನನ್ನು ಅಂದವನನ್ನಲ್ಲ, ತನಗಿಂತ ಕೆಳಗಿನವನು ಯಾರಾದರೂ ಸಿಗುವನೇ ಎಂದು ಹುಡುಕುವ ನೋಟ ಅದು. ನಾನು ಎದ್ದು ಗೇಟಿನ ಬಳಿ ಹೋದೆ. ಅಂದು ಕೆರೆಯ ಏರಿಯ ಮೇಲೆ ದೊಡ್ಡವರು ಯಾರೂ ಇರಲಿಲ್ಲ.