ಹರಾಜು ಎಂಬ ಕೂಗು

‘ಹರಾಜು’ ಎಂಬ ಮಾತು ಕಿವಿಗೆ ಬಿದ್ದರೆ ನಮಗೆ ಎದೆ ಅಳುಕುತ್ತದೆ. ಬಿಡಿಸಿಕೊಳ್ಳಲಾಗದ ಒಡವೆ ಹರಾಜಿಗೆ ಹೋಗುತ್ತದೆ, ಸಾಲ ತೀರದ ಮನೆ ಹರಾಜಿಗೆ ಬರುತ್ತದೆ, ನಾಲ್ಕು ಜನರೆದುರು ಬೈಸಿಕೊಂಡವನ ಮಾನ ಹರಾಜಾಗುತ್ತದೆ. ಆದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಹೊಗೆಸೊಪ್ಪಿನ ಊರುಗಳಲ್ಲಿ ಈ ಪದದ ಬಾಳೇ ಬೇರೆ. ಗೌರಿಹಬ್ಬ ಕಳೆಯುತ್ತಿದ್ದಂತೆ ಅರಳಿಕಟ್ಟೆಯಲ್ಲೂ ಟೀ ಅಂಗಡಿಯಲ್ಲೂ ಒಂದೇ ಪ್ರಶ್ನೆ: ‘ಹರಾಜು ಯಾವಾಗಿಂದಂತೆ?’ ಮಗಳ ಮದುವೆ, ಗೊಬ್ಬರದಂಗಡಿಯ ಬಾಕಿ, ಎಲೆ ಹದಮಾಡುವ ಬ್ಯಾರನ್ನಿಗೆ ಸುರಿದ ಸೌದೆಯ ದುಡ್ಡು ಎಲ್ಲವೂ ಆ ದಿನಕ್ಕೆ ಕಾದು ಕೂತಿರುತ್ತವೆ.

ಅರಬ್ಬಿಯ ‘ಹರಾಜ್’ ನಮ್ಮಲ್ಲಿ ಹರಾಜು ಆಯಿತು. ಉತ್ತರ ಕರ್ನಾಟಕದವರ ‘ಲಿಲಾವು’ ಪೋರ್ಚುಗೀಸರಿಂದ ಮರಾಠಿಯ ಹಾದಿ ಹಿಡಿದು ಬಂದದ್ದು. ‘ಸವಾಲು’ ಎನ್ನುವವರೂ ಇದ್ದಾರೆ. ಪದ ಹೊರಗಿನದಾದರೂ ಅದಕ್ಕೆ ನಾವು ಜೋಡಿಸಿದ ಕ್ರಿಯಾಪದ ನಮ್ಮದೇ. ಹರಾಜನ್ನು ನಾವು ಕೂಗುತ್ತೇವೆ. ಊರ ಕೆರೆಯ ಮೀನಾಗಲಿ, ತೋಪಿನ ಹುಣಸೆಮರವಾಗಲಿ, ಒಬ್ಬ ಕೂಗಿದ ಮೇಲೆ ಇನ್ನೊಬ್ಬ ಕೂಗಬೇಕು. ಎದುರು ಕೂಗುವವನಿಲ್ಲದ ಹರಾಜು ‘ಕೊಟ್ಟಷ್ಟು ತಗೋ’ ಎಂಬ ಮಾತಷ್ಟೇ.

ಇದನ್ನು ಕಹಿಯಾಗಿ ಕಲಿತವರು ಹತ್ತೊಂಬತ್ತನೇ ಶತಮಾನದ ಕೊನೆಯ ಅಮೆರಿಕದ ರೈತರು. ನಮ್ಮ ನಾಲ್ಕು ತಾಲ್ಲೂಕುಗಳ ಹೊಗೆಸೊಪ್ಪಿಗೆ ‘ವರ್ಜೀನಿಯಾ’ ಎಂಬ ಹೆಸರು ಬಂದದ್ದು ಅವರ ನಾಡಿನಿಂದಲೇ. ಆ ವರ್ಜೀನಿಯಾದ ಡ್ಯಾನ್‌ವಿಲ್ ಪಟ್ಟಣದಲ್ಲಿ 1850ರ ದಶಕದಿಂದಲೂ ಎಲೆಯನ್ನು ಗೋದಾಮಿನ ನೆಲದ ಮೇಲೆ ರಾಶಿ ಹಾಕಿ, ಎಲ್ಲರ ಕಣ್ಣೆದುರು ಹರಾಜು ಕೂಗುತ್ತಿದ್ದರು. 1890ರಲ್ಲಿ ಜೇಮ್ಸ್ ಡ್ಯೂಕ್ ಎಂಬ ಉದ್ಯಮಿ ಐದು ದೊಡ್ಡ ಸಿಗರೇಟು ಕಂಪನಿಗಳನ್ನು ಒಟ್ಟುಗೂಡಿಸಿ ಅಮೆರಿಕನ್ ಟೊಬ್ಯಾಕೊ ಕಂಪನಿ ಕಟ್ಟಿದ. ನಿನ್ನೆಯವರೆಗೆ ಒಬ್ಬರ ಮೇಲೊಬ್ಬರು ಕೂಗುತ್ತಿದ್ದವರು ಇಂದು ಒಂದೇ ಮನೆಯವರಾದರು. ಗೋದಾಮು, ರಾಶಿ, ಕೂಗುವವನು ಎಲ್ಲ ಹಾಗೇ ಇದ್ದರೂ ಹರಾಜು ಮಾತ್ರ ಸೊರಗಿತು. ಏಕಸ್ವಾಮ್ಯದ ಒಕ್ಕೂಟಗಳನ್ನು ತಡೆಯುವ ಶರ್ಮನ್ ಕಾಯ್ದೆ ಬಂದದ್ದೂ ಅದೇ 1890ರಲ್ಲಿ. ಆದರೆ ಆ ಕಾಯ್ದೆಯಡಿ ಸುಪ್ರೀಂ ಕೋರ್ಟು ಡ್ಯೂಕ್‌ನ ಕಂಪನಿಯನ್ನು ಒಡೆಯುವ ಹೊತ್ತಿಗೆ 1911 ಬಂದಿತ್ತು. ಇಪ್ಪತ್ತೊಂದು ಸುಗ್ಗಿ! ಒಂದು ಸುಗ್ಗಿ ಕೈಕೊಟ್ಟರೇ ಏಳಲಾಗದ ಸಂಸಾರಗಳಿಗೆ ಅಷ್ಟು ತಡವಾಗಿ ಬಂದ ನ್ಯಾಯ ಯಾವುದಕ್ಕಾದೀತು?

ಆ ರೈತರು ಸುಮ್ಮನೆ ಕೂತವರಲ್ಲ. ಸರ್ಕಾರವೇ ಉಗ್ರಾಣ ಕಟ್ಟಲಿ, ಬೆಳೆ ಅಲ್ಲಿಟ್ಟರೆ ಅದರ ಬೆಲೆಯ ನೂರಕ್ಕೆ 80ರಷ್ಟು ಸಾಲ ಕೊಡಲಿ, ಒಳ್ಳೆಯ ದರ ಬಂದಾಗ ಮಾರುತ್ತೇವೆ ಎಂದು 1889ರಲ್ಲೇ ರೈತ ಮುಖಂಡ ಚಾರ್ಲ್ಸ್ ಮಕ್ಯೂನ್ ಅವರ ಪರವಾಗಿ ಯೋಜನೆ ಮುಂದಿಟ್ಟ. ಹತ್ತಿ, ಗೋಧಿಯ ಜೊತೆಗೆ ತಂಬಾಕೂ ಆ ಪಟ್ಟಿಯಲ್ಲಿತ್ತು. 1892ರಲ್ಲಿ ಅವರ ಹೊಸ ಪಕ್ಷ, ಪೀಪಲ್ಸ್ ಪಾರ್ಟಿ, ಅಧ್ಯಕ್ಷ ಚುನಾವಣೆಯಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮತ ಗಳಿಸಿತು. ಉಗ್ರಾಣದ ಯೋಜನೆ ಕಾನೂನಾಗಲಿಲ್ಲ.

ನಮ್ಮಲ್ಲಿ 1975ರ ಕಾಯ್ದೆಯಂತೆ ತಂಬಾಕು ಮಂಡಳಿ ಬಂತು. 1984ರಲ್ಲಿ ಅದು ಕರ್ನಾಟಕದಲ್ಲಿ ಹರಾಜು ಶುರುಮಾಡಿತು. ಹಾಗಾಗಿ ಮಂಡಳಿಯ ಹರಾಜುಕಟ್ಟೆಗಳಿರುವ ಕಟ್ಟೆಮಳಲವಾಡಿಯಲ್ಲಿ, ಕಂಪಲಾಪುರದಲ್ಲಿ ಹರಾಜು ಎಂದರೆ ಅವಮಾನವಲ್ಲ, ಮುಚ್ಚುಮರೆಯಿಲ್ಲದ ವ್ಯಾಪಾರ. ಈ ಪದಕ್ಕೆ ಇಂಥ ಗೌರವದ ಅರ್ಥ ತಂದುಕೊಟ್ಟವರು ಈ ಸೀಮೆಯ ರೈತರು; ನನ್ನ ಮಟ್ಟಿಗೆ ನಿಘಂಟಿನಲ್ಲಿ ಸೇರಬೇಕಾದ ಅರ್ಥವಿದು.

ಈಗ ಅಲ್ಲಿ ಕೂಗು ಕೇಳಿಸುವುದಿಲ್ಲ. ಖರೀದಿದಾರರು ಕೈಯಲ್ಲಿನ ಪುಟ್ಟ ಯಂತ್ರದಲ್ಲಿ ದರ ಒತ್ತುತ್ತಾರೆ. ಯಾರೂ ಒತ್ತದ ಬೇಲಿಗೆ, ಎಂದರೆ ಎಲೆಯ ಹೊರೆಗೆ, ‘ನೋ ಬಿಡ್’ ಎನ್ನುತ್ತಾರೆ. ಆ ಇಂಗ್ಲಿಷು ಈಗ ಓದು ಬಾರದ ಅಜ್ಜಿಯ ಬಾಯಲ್ಲೂ ಇದೆ. ದರ ತೀರಾ ಕುಸಿದ ದಿನ ರೈತರು ಬೇಲುಗಳ ನಡುವೆ ನಿಂತು ‘ಹರಾಜು ನಿಲ್ಸಿ’ ಎಂದು ಕೂಗುತ್ತಾರೆ. ಕೊಳ್ಳುವವರ ಬಾಯಿಂದ ಹೋದ ಕೂಗು ಬೆಳೆದವರ ಬಾಯಲ್ಲಿ ಉಳಿದಿದೆ. ಮಾರನೆಯ ಬೆಳಿಗ್ಗೆ ಅದೇ ಬೇಲನ್ನು ಮತ್ತೆ ಸಾಲಿಗಿಟ್ಟು, ಪಕ್ಕದವರನ್ನು ಕೇಳುತ್ತಾರೆ: ‘ಇವತ್ತು ಎಷ್ಟು ಕಂಪ್ನಿಯೋರು ಬಂದವ್ರೆ?’